ಕಿನುಯೆ ಹಿತೋಮಿ

ನಾನು ಓದಿದ ಪ್ರೌಢಶಾಲೆಯ ಕ್ರೀಡಾಕೂಟದಲ್ಲಿ ದೂರದ ಓಟಗಳೆಲ್ಲ ಹುಡುಗರ ಪಾಲಿಗೆ ಇರುತ್ತಿದ್ದವು. ಹುಡುಗಿಯರಾದ ನಮಗೆ ಉಳಿಯುತ್ತಿದ್ದುದು ಬಾಯಲ್ಲಿ ಚಮಚ ಕಚ್ಚಿ, ನಿಂಬೆಹಣ್ಣು ಬೀಳದಂತೆ ನಡೆಯುವ ಸ್ಪರ್ಧೆ. ಅಷ್ಟು ದೂರದ ಓಟ ಹೆಣ್ಣುಮಕ್ಕಳ ಮೈಗೆ ಆಗದೆಂದು ಹಿರಿಯರು ಹೇಳುತ್ತಿದ್ದರು. ನಾನೂ ಅದನ್ನು ನಂಬಿದ್ದೆ. ದಿನವೂ ಎರಡು ಮೈಲಿ ಸೌದೆಯ ಹೊರೆ ಹೊತ್ತು ಬರುತ್ತಿದ್ದ ನನ್ನ ತಾಯಿಯ ನೆನಪು ಆಗ ನನಗೇಕೆ ಬರಲಿಲ್ಲವೋ ತಿಳಿಯದು. ಈ ವರ್ಷ ಒಲಿಂಪಿಕ್ ಕ್ರೀಡೆಗಳ ಚರಿತ್ರೆಯನ್ನು ಓದುವಾಗ, ಇದೇ ಮಾತು ಒಮ್ಮೆ ಇಡೀ ಜಗತ್ತಿನ ನಿಯಮವಾಗಿತ್ತೆಂದು ತಿಳಿಯಿತು. ಆ ಪುಟಗಳಲ್ಲಿಯೇ ಜಪಾನಿನ ತರುಣಿ ಕಿನುಯೆ ಹಿತೋಮಿಯ ಪರಿಚಯವೂ ಆಯಿತು. ಆಕೆಯ ಬಾಳಿನ ಕಥೆಯನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಿನುಯೆ ಹುಟ್ಟಿದ್ದು 1907ನೆಯ ಇಸವಿ ಜನವರಿ 1ರಂದು, ಒಕಯಾಮ ಪ್ರಾಂತದ ಒಂದು ಬೇಸಾಯದ ಮನೆತನದಲ್ಲಿ. ಒಳ್ಳೆಯ ಹೆಂಡತಿಯಾಗಿ, ವಿವೇಕಿಯಾದ ತಾಯಿಯಾಗಿ ಬಾಳುವುದೇ ಹೆಣ್ಣಿನ ಗುರಿಯೆಂದು ಅಲ್ಲಿಯ ಶಾಲೆಗಳು ಬೋಧಿಸುತ್ತಿದ್ದ ಕಾಲವದು. ಒಕಯಾಮದ ಬಾಲಿಕಾ ಪ್ರೌಢಶಾಲೆಯಲ್ಲಿ ಆಕೆ ಮೊದಲು ಟೆನಿಸ್ ಆಡಿದಳು. ಅನಂತರ ಓಟ ಮತ್ತು ನೆಗೆತಗಳಲ್ಲಿ ಹೆಸರು ಮಾಡಿದಳು. 1924ರಲ್ಲಿ ಟೋಕಿಯೋ ನಗರಕ್ಕೆ ಹೋಗಿ, ತೊಕುಯೋ ನಿಕೈದೋ ಎಂಬ ಶಿಕ್ಷಕಿ ನಡೆಸುತ್ತಿದ್ದ ವ್ಯಾಯಾಮ ಶಾಲೆಯನ್ನು ಸೇರಿದಳು. 1926ರಲ್ಲಿ ಒಸಾಕಾದ ಮೈನಿಚಿ ಪತ್ರಿಕೆಯಲ್ಲಿ ಕೆಲಸ ದೊರೆಯಿತು. ಹೀಗೆ ಆಕೆ ಓಟಗಾರ್ತಿಯೂ ಹೌದು, ಪತ್ರಿಕಾ ವರದಿಗಾರ್ತಿಯೂ ಹೌದು.

ಆ ದಿನಗಳಲ್ಲಿ ಒಲಿಂಪಿಕ್ ಓಟದ ಅಂಗಳಕ್ಕೆ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಅದನ್ನು ಪ್ರತಿಭಟಿಸಿ ಫ್ರಾನ್ಸಿನ ಅಲೀಸ್ ಮಿಲಿಯಾ ಎಂಬಾಕೆ ಸ್ತ್ರೀಯರಿಗಾಗಿಯೇ ಬೇರೆ ವಿಶ್ವ ಕ್ರೀಡಾಕೂಟವನ್ನು ಏರ್ಪಡಿಸಿದ್ದಳು. 1926ರಲ್ಲಿ ಅದು ಸ್ವೀಡನ್ನಿನ ಯೊಟೆಬೊರಿ ನಗರದಲ್ಲಿ ನಡೆಯಿತು. ಜಪಾನಿನಿಂದ ಹೋದವಳು ಕಿನುಯೆ ಒಬ್ಬಳೇ, ವಯಸ್ಸು ಹತ್ತೊಂಬತ್ತು. ಸೈಬೀರಿಯಾದ ರೈಲುದಾರಿಯಲ್ಲಿ ಮಾಸ್ಕೋ ಮಾರ್ಗವಾಗಿ ಅಷ್ಟು ದೂರ ಸಾಗಿ, ಉದ್ದನೆಗೆತದಲ್ಲಿಯೂ ನಿಂತಲ್ಲಿಂದ ನೆಗೆಯುವ ಸ್ಪರ್ಧೆಯಲ್ಲಿಯೂ ಮೊದಲಿಗಳಾದಳು. ಒಟ್ಟು ಅಂಕಗಳಲ್ಲಿಯೂ ಆಕೆಯೇ ಶ್ರೇಷ್ಠಳೆನಿಸಿದಳು. ಪಕ್ಕದ ಊರಿನ ಕಾಲೇಜಿಗೆ ಒಬ್ಬಳೇ ಬಸ್ಸು ಹತ್ತಿ ಬರಲು ಮನೆಯವರ ಒಪ್ಪಿಗೆ ಪಡೆಯುವುದಕ್ಕೆ ನಾನು ಪಟ್ಟ ಪಾಡನ್ನು ನೆನೆದಾಗ, ಆ ಪ್ರಯಾಣವೇ ನನಗೆ ಒಂದು ಪದಕದಂತೆ ಕಾಣುತ್ತದೆ.

1928ರಲ್ಲಿ ಆಮ್‌ಸ್ಟರ್‌ಡಾಂ ಒಲಿಂಪಿಕ್ ಕೂಟದಲ್ಲಿ ಸ್ತ್ರೀಯರಿಗೆ ಮೊದಲ ಬಾರಿಗೆ ಐದು ಸ್ಪರ್ಧೆಗಳನ್ನು ಇಟ್ಟರು. ಆ ವರ್ಷವೇ ಕಿನುಯೆ 5.98 ಮೀಟರು ನೆಗೆದು ವಿಶ್ವದಾಖಲೆ ಮಾಡಿದ್ದಳು. ಆದರೆ ಆ ಐದರಲ್ಲಿ ಉದ್ದನೆಗೆತವೇ ಇರಲಿಲ್ಲ! ಹೀಗಾಗಿ ಆಕೆ 100 ಮೀಟರು ಓಟವನ್ನು ನೆಚ್ಚಿಕೊಂಡಳು. ಅದರಲ್ಲಿ ಅಂತಿಮ ಸುತ್ತನ್ನೂ ಮುಟ್ಟಲಿಲ್ಲ. ಜಪಾನ್ ತಂಡದ ಏಕೈಕ ಸ್ತ್ರೀಯಾಗಿ ಬಂದವಳು ಬರಿಗೈಯಲ್ಲಿ ಹೇಗೆ ಮರಳಿಯಾಳು? ಅದುವರೆಗೆ ಯಾವ ಸ್ಪರ್ಧೆಯಲ್ಲಿಯೂ ಓಡಿರದ 800 ಮೀಟರು ಓಟಕ್ಕೆ ನಿಂತಳು. ಸ್ತ್ರೀಯರಿಗಿದ್ದ ಅತಿ ದೂರದ ಓಟ ಅದೇ.

ಆಗಸ್ಟ್ 2ರಂದು ಅಂತಿಮ ಓಟ ನಡೆಯಿತು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡುಗಳಲ್ಲಿ ಗೆದ್ದಳು. ಕಿನುಯೆ 2 ನಿಮಿಷ 17.6 ಸೆಕೆಂಡುಗಳಲ್ಲಿ ಎರಡನೆಯವಳಾದಳು. ಒಲಿಂಪಿಕ್ ಪದಕ ಪಡೆದ ಮೊದಲ ಜಪಾನೀ ಸ್ತ್ರೀ ಆಕೆಯೇ. ಅದೇ ದಿನ ಆಕೆಯ ದೇಶದ ಮಿಕಿಯೋ ಓದಾ ತ್ರಿವಿಧ ನೆಗೆತದಲ್ಲಿ ಸ್ವರ್ಣಪದಕ ಗೆದ್ದನು.

ಆಮೇಲೆ ನಡೆದುದು ವಿಷಾದದ ಸಂಗತಿ. ಒಂಬತ್ತು ಮಂದಿ ಓಡಿದ್ದರು. ಒಂಬತ್ತು ಮಂದಿಯೂ ಓಟ ಮುಗಿಸಿದ್ದರು. ದಣಿದ ಕೆಲವರು ಗುರಿಯಾಚೆ ನೆಲಕ್ಕೊರಗಿದ್ದುಂಟು. ಪುರುಷರೂ ಓಟದ ಕೊನೆಯಲ್ಲಿ ಹಾಗೆ ಒರಗುತ್ತಾರೆ. ಅವರ ಓಟವನ್ನು ಯಾರೂ ನಿಲ್ಲಿಸಲಿಲ್ಲ. ಆದರೆ ಹನ್ನೊಂದು ಮಂದಿಯಲ್ಲಿ ಐವರು ನಡುವೆಯೇ ಕುಸಿದರೆಂದು ಕೆಲವು ಪತ್ರಿಕೆಗಳು ಬರೆದವು. ಸುಳ್ಳು ಬಹುಬೇಗ ಹಬ್ಬಿತು. ಇಂತಹ ಓಟ ಹೆಣ್ಣಿನ ದೇಹಕ್ಕೆ ಹಾನಿಯೆಂದು ತೀರ್ಮಾನಿಸಿ, ಒಲಿಂಪಿಕ್ ಕೂಟದಿಂದ ಅದನ್ನು ಕಿತ್ತುಹಾಕಿದರು. ಮೂವತ್ತೆರಡು ವರ್ಷ, ಅಂದರೆ 1960ರ ರೋಮ್ ಕೂಟದವರೆಗೆ, ಅದು ಮರಳಿ ಬರಲಿಲ್ಲ.

ಕಿನುಯೆ ಮಾತ್ರ ಓಡುತ್ತಲೇ ಇದ್ದಳು, ಬರೆಯುತ್ತಲೂ ಇದ್ದಳು. ತಾನೊಬ್ಬಳೇ ಮುಂದೆ ಹೋದರೆ ಸಾಲದು, ತನ್ನ ಹಿಂದೆ ಇತರರೂ ಬರಬೇಕೆಂಬುದು ಆಕೆಯ ಹಂಬಲವಾಗಿತ್ತು. ಶಾಲಾ ಬಾಲಿಕೆಯರಿಂದ ಚಂದಾ ಕೂಡಿಸಿ, ಐವರು ಕಿರಿಯ ಹುಡುಗಿಯರನ್ನು ಕರೆದುಕೊಂಡು 1930ರಲ್ಲಿ ಪ್ರಾಗ್ ನಗರದ ಸ್ತ್ರೀಯರ ಕೂಟಕ್ಕೆ ಹೋದಳು. ಅಲ್ಲಿಯೂ ಉದ್ದನೆಗೆತದಲ್ಲಿ ಗೆದ್ದಳು. ಊರಿಗೆ ಮರಳಿದ ಮರುವರ್ಷವೇ ಕಾಯಿಲೆ ಬಿದ್ದು, ನ್ಯುಮೋನಿಯಾದಿಂದ ಒಸಾಕಾದಲ್ಲಿ ತೀರಿಕೊಂಡಳು. ಆಗ ಆಕೆಗೆ ಇಪ್ಪತ್ತನಾಲ್ಕೇ ವರ್ಷ. ಆ ದಿನ 1931ರ ಆಗಸ್ಟ್ 2. 800 ಮೀಟರು ಓಡಿ ಸರಿಯಾಗಿ ಮೂರು ವರ್ಷ.

1984ರಲ್ಲಿ ಸ್ತ್ರೀಯರಿಗೆ ಒಲಿಂಪಿಕ್ ಮ್ಯಾರಥಾನ್ ಓಟವೂ ದೊರೆಯಿತು. 800 ಮೀಟರು ಹೆಚ್ಚಾಯಿತೆಂದವರ ಮುಂದೆಯೇ 42 ಕಿಲೋಮೀಟರಿಗೂ ಮಿಕ್ಕ ಹಾದಿ ತೆರೆಯಿತು. 1992ರ ಬಾರ್ಸಿಲೋನಾ ಕೂಟದಲ್ಲಿ ಯೂಕೋ ಅರಿಮೋರಿ ಮ್ಯಾರಥಾನಿನಲ್ಲಿ ಎರಡನೆಯವಳಾದಳು. ಕಿನುಯೆಯ ನಂತರ ಅರವತ್ತನಾಲ್ಕು ವರ್ಷಕ್ಕೆ ಓಟದ ಅಂಗಳದಲ್ಲಿ ಪದಕ ಪಡೆದ ಜಪಾನೀ ಸ್ತ್ರೀ ಈಕೆ. ಈಕೆಯೂ ಒಕಯಾಮದವಳೇ. ಆ ಓಟ ನಡೆದಾಗ ಜಪಾನಿನಲ್ಲಿ ಆಗಸ್ಟ್ 2 ಆಗಿತ್ತು.

ಕಳೆದ ರಜೆಯಲ್ಲಿ ಈ ಕಥೆಯನ್ನು ತಾಯಿಗೆ ಹೇಳಿದೆ. ಅಕ್ಷರ ಕಲಿಯದ ಆಕೆ ಎಲ್ಲವನ್ನೂ ಕೇಳಿ, ಆ ದೂರ ನಮ್ಮೂರಿನಲ್ಲಿ ಎಷ್ಟಾಗುತ್ತದೆಂದು ವಿಚಾರಿಸಿದಳು. ಬಾವಿಯಿಂದ ಮಾರಮ್ಮನ ಗುಡಿಯವರೆಗೆ ಆಗಬಹುದೆಂದೆ. ಆಕೆ ನಕ್ಕಳು. ಆ ನಗುವಿಗಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ. ಮುಂದಿನ ಕ್ರೀಡಾಕೂಟದ ಹೊತ್ತಿಗೆ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಕಿರಿಯ ಸೋದರಿಯರು ದೂರದ ಓಟಕ್ಕೆ ಹೆಸರು ಕೊಡಲಿ ಎಂದಷ್ಟೇ ನನ್ನ ಆಸೆ.