ಒಂದೇ ರೈಫಲ್ಲು ನಂಬಿದ ಷಿಕಾರಿ

ಹೋದ ಸಲ ರಾಗಿ ತೆನೆ ಬಲಿಯೋ ಹೊತ್ತಿಗೆ ನಮ್ಮ ಹೊಲಕ್ಕೆ ಹಂದಿ ಹಿಂಡು ನುಗ್ಗಿ ಒಂದೇ ರಾತ್ರೀಲಿ ಅರ್ಧ ಎಕರೆ ನೆಲಕ್ಕೆ ಮಲಗಿಸಿಬಿಟ್ಟಿತ್ತು. ಬೆಳಿಗ್ಗೆ ಬದುವಿನ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಪಕ್ಕದ ಹೊಲದ ಹುಡುಗ ಬಂದವನೇ, ಮಾವ, ಕಡಿಮೆ ಬೆಲೇಲಿ ಒಳ್ಳೇ ರೈಫಲ್ಲು ಯಾವುದು, ನಿಮಗೆ ಗೊತ್ತಾ ಅಂತ ಕೇಳಿದ. ಲೈಸೆನ್ಸು ಅಂದೆ. ಅದು ಆಮೇಲೆ ನೋಡ್ಕೊಳ್ಳೋಣ, ಹತ್ತಿರದಲ್ಲೇ ಒಬ್ಬ ನಾಡಬಂದೂಕು ಕೊಡ್ತೀನಿ ಅಂದಿದಾನೆ, ಭಾರಿ ಅಗ್ಗ ಅಂದ.

ನಾನು ಬಂದೂಕಿನ ವ್ಯಾಪಾರಿಯಲ್ಲ. ನಮ್ಮದು ಡೆಂಕಣಿಕೋಟೆ ತಾಲೂಕು. ಪಟ್ಟಾ ತಮಿಳಿನಲ್ಲಿ, ಮನೆ ಮಾತು ಕನ್ನಡದಲ್ಲಿ, ಮಾಲು ಮಾರೋದು ಹೊಸೂರಿನಲ್ಲೋ ಆನೇಕಲ್ಲಿನಲ್ಲೋ. ಆದರೆ ಇದೇ ಜವಳಗಿರಿ, ಅಂಚೆಟ್ಟಿ ಕಾಡುಗಳಲ್ಲಿ ರಾತ್ರಿಗಟ್ಟಲೆ ಕೂತವರೊಬ್ಬರ ಜೀವನ ಚರಿತ್ರೆ ಓದಿಕೊಂಡಿದ್ದೇನೆ. ಆವತ್ತು ಹುಡುಗನಿಗೆ ಅವರ ಕಥೆಯನ್ನೇ ಹೇಳಿದೆ. ಅವರ ಹೆಸರು ಕೆನೆತ್ ಆಂಡರ್ಸನ್.

ಸಂಬಳದ ಮನುಷ್ಯ

ಆಂಡರ್ಸನ್ ಹುಟ್ಟಿದ್ದು 1910ರಲ್ಲಿ, ಸಿಕಂದರಾಬಾದಿನ ಬೊಲಾರಂನಲ್ಲಿ. ಮೂಲ ಸ್ಕಾಟ್ಲೆಂಡಿನದಾದರೂ ತಲೆಮಾರುಗಳಿಂದ ಇಂಡಿಯಾದಲ್ಲೇ ನೆಲೆ ನಿಂತ ಮನೆತನ. ತಂದೆ ಸೈನ್ಯದವರ ಸಂಬಳ ಬಟವಾಡೆ ನೋಡುವ ಕಚೇರಿಯಲ್ಲಿ ಅಧಿಕಾರಿ. ಬೇಟೆಯ ಹುಚ್ಚು ಹತ್ತಿದ್ದು ಅವರಿಂದಲೇ. ಹುಡುಗ ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ ಕಾಲೇಜಿನಲ್ಲಿ. ಆಮೇಲೆ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಸುಮಾರು 15 ವರ್ಷ ಚಾಕರಿ, ಅದಾದ ಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ.

ಇದನ್ನು ಯಾಕೆ ಹೇಳ್ತೀನಿ ಅಂದ್ರೆ, ಷಿಕಾರಿ ಅಂದಕೂಡಲೇ ನಮ್ಮ ಕಣ್ಣಿಗೆ ಮಹಾರಾಜರು, ಅಂಬಾರಿ, ನೂರಾರು ಜನ ಸೋಹುಗಾರರು ಕಾಣಿಸ್ತಾರೆ. ಆಂಡರ್ಸನ್ ಹಾಗಲ್ಲ. ತಿಂಗಳ ಸಂಬಳ ಎಣಿಸಿಕೊಂಡು, ರಜಾ ಚೀಟಿ ಬರೆದು, ತಮ್ಮ ಸ್ಟುಡಿಬೇಕರ್ ಕಾರು ಓಡಿಸಿಕೊಂಡು ಕಾಡಿಗೆ ಬರುತ್ತಿದ್ದ ನೌಕರ. ನಮ್ಮ ಕಡೆಯ ಕನ್ನಡ, ತಮಿಳು ಎರಡೂ ಬರುತ್ತಿತ್ತು. ಹಳ್ಳಿಯವರ ಮಾತನ್ನು ನೇರ ಅವರ ಬಾಯಿಂದಲೇ ಕೇಳುತ್ತಿದ್ದರು. ಎಲ್ಲಿ ದನ ಹೋಯಿತು, ಯಾವ ಹಳ್ಳದ ಮರಳಲ್ಲಿ ಹೆಜ್ಜೆ ಬಿದ್ದಿದೆ ಅನ್ನೋದು ಹೀಗೆ ಗೊತ್ತಾಗುವುದೇ ಹೊರತು ಕೋವಿಯಿಂದಲ್ಲ.

ಸರ್ಕಾರದ ದಾಖಲೆ ಪ್ರಕಾರ 1939ರಿಂದ 1966ರೊಳಗೆ ಅವರು ಹೊಡೆದ ನರಭಕ್ಷಕಗಳು 8 ಚಿರತೆ, 7 ಹುಲಿ. ಇಷ್ಟಕ್ಕೂ ಬಹುಮಟ್ಟಿಗೆ ಅವರು ನಂಬಿದ್ದು ಒಂದೇ ರೈಫಲ್ಲನ್ನು.

ಮೂರು ಬಗೆ, ಮೂರು ಬೆಲೆ

ಆ ಕಾಲಕ್ಕೆ ದೊಡ್ಡ ಬೇಟೆಗೆ ಹೊರಡುವವನ ಮುಂದೆ ಮೂರು ದಾರಿ ಇದ್ದವು. ಮೊದಲನೆಯದು ಇಂಗ್ಲೆಂಡಿನ ಜೋಡುನಳಿಗೆ ರೈಫಲ್ಲು. ಎರಡು ನಳಿಗೆಯ ಗುಂಡೂ ಒಂದೇ ಜಾಗಕ್ಕೆ ಬೀಳುವಂತೆ ಕೈಯಿಂದಲೇ ತಿದ್ದಿ ತಿದ್ದಿ ಕೂರಿಸಬೇಕು. ಆ ಕೂಲಿಯೆಲ್ಲ ಬೆಲೆಗೆ ಸೇರುತ್ತಿತ್ತು. ಎರಡನೇ ಈಡು ಕಣ್ಣು ಮಿಟುಕಿಸುವಷ್ಟರಲ್ಲಿ ಹೊಡೆಯಬಹುದು, ನಿಜ. ಆದರೆ ಅದು ಸಂಬಳದವರ ಕೈಗೆ ಸುಲಭಕ್ಕೆ ಬರುವ ಮಾಲಲ್ಲ.

ಎರಡನೆಯದು ಬೋಲ್ಟ್ ರೈಫಲ್ಲು. ಬಾಗಿಲ ಅಗುಳಿ ಇದ್ದ ಹಾಗೆ ಅದರ ಬೋಲ್ಟು. ಎತ್ತಿ ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ, ಮುಂದಕ್ಕೆ ತಳ್ಳಿ ಕೆಳಗೆ ಮಡಚಿದರೆ ಹೊಸ ತೋಟಾ ಒಳಗೆ. ಜರ್ಮನಿಯ ಮೌಸರ್ ಕಂಪನಿ 1898ರಲ್ಲಿ ಕೂಡಿಸಿದ ಮಾದರಿ ಸೈನ್ಯಗಳಿಗೆ ಲಕ್ಷಗಟ್ಟಲೆ ತಯಾರಾಯಿತು. ಅದೇ ಯಂತ್ರಭಾಗ ತರಿಸಿ, ಒಳ್ಳೇ ನಳಿಗೆ, ಒಳ್ಳೇ ಮರ ಜೋಡಿಸಿ ಬೇಟೆಯ ರೈಫಲ್ಲು ಮಾಡಿದರು. ಬೆಲೆ ಇಳಿಯಿತು, ಗಟ್ಟಿತನ ಇಳಿಯಲಿಲ್ಲ. ಇದು ಬಡವರ ಬಂದೂಕು ಅಂತ ಮೂಗು ಮುರಿಯೋರಿಗೆ ಜಿಮ್ ಕಾರ್ಬೆಟ್ಟರ ಉದಾಹರಣೆ ಸಾಕು. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಹೊಡೆದದ್ದಕ್ಕೆ ಅವರಿಗೆ ಇನಾಮಾಗಿ ಬಂದದ್ದು 275 ಬೋರಿನ ರಿಗ್ಬಿ. ಮೌಸರ್ ಬೋಲ್ಟಿನ ಹಗುರ ರೈಫಲ್ಲು ಅದು. 1926ರಲ್ಲಿ ರುದ್ರಪ್ರಯಾಗದ ಚಿರತೆ ಸತ್ತದ್ದು ಅದರಿಂದಲೇ.

ಮೂರನೆಯದು ಅಮೆರಿಕದ ಲಿವರ್ ರೈಫಲ್ಲು. ಕುದುರೆಯ ಕೆಳಗಿನ ಹಿಡಿಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಬೋಲ್ಟಿನ ಕೆಲಸವೇ ಆಗುತ್ತದೆ. ಆಂಡರ್ಸನ್ ಹಿಡಿದದ್ದು ಇದನ್ನು: ವಿಂಚೆಸ್ಟರ್ 1895ರ ಮಾದರಿ, 405 ಬೋರು. ಹೊಟ್ಟೆಯ ಕೆಳಗಿನ ಪೆಟ್ಟಿಗೆಯಲ್ಲಿ ನಾಲ್ಕು ತೋಟಾ. ಒಂದೊಂದು ಗುಂಡು 300 ಗ್ರೇನು, ಅಂದ್ರೆ 19 ಗ್ರಾಂನಷ್ಟು ತೂಕ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾದ ಸಿಂಹಗಳಿಗೆ ಇದನ್ನೇ ಒಯ್ದಿದ್ದರು. ಜೋಡುನಳಿಗೆಯ ಮುಂದೆ ಬೆಲೆ ಎಷ್ಟೋ ಕಡಿಮೆ.

ಐಬು ಇಲ್ಲದ ಮಾಲು ಅಂತಲ್ಲ. ಹಿಂಬಡಿತ ಜೋರು, ಹೆಗಲು ನೋಯುತ್ತೆ. ಹುಲಿ ಚಿರತೆಗೆ ಧಾರಾಳ ಆದರೂ ಆನೆಯ ತಲೆಬುರುಡೆ ದಾಟೋಕೆ ಆ ಗುಂಡು ಉತ್ತಮವಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಆ ಮಾದರಿ ಮಾಡೋದನ್ನೇ ನಿಲ್ಲಿಸಿದ್ದರು. ಇಷ್ಟಿದ್ದರೂ ಆಂಡರ್ಸನ್ ಅದನ್ನು ಬಿಡಲಿಲ್ಲ. ಕತ್ತಲಲ್ಲಿ ನಳಿಗೆಗೆ ಟಾರ್ಚು ಕಟ್ಟಿಕೊಂಡು, ಕಣ್ಣಿಗೆ ಏನೂ ಕಾಣದಿದ್ದಾಗಲೂ ಕೈಗೆ ಗೊತ್ತಿರುವ ಸಾಮಾನು ಅದು. ಎತ್ತು ಕೊಂಡವನಿಗೆ ಗೊತ್ತು, ಹಳೇ ಎತ್ತಿನ ಗುಣ ತಿಳಿದಿರೋದೇ ಅರ್ಧ ಉಳುಮೆ.

ಗಾಯದ ಸಾಲ

ಈಗ ಅಸಲು ಮಾತಿಗೆ ಬರ್ತೀನಿ. ಆಂಡರ್ಸನ್ನರ ಮೊದಲ ಪುಸ್ತಕ ಬಂದದ್ದು 1954ರಲ್ಲಿ. ಅದರಲ್ಲಿ ನಮ್ಮ ಜವಳಗಿರಿಯ ಹೆಣ್ಣುಹುಲಿ ಇದೆ, ಗುಮ್ಮಳಾಪುರದ ಚಿರತೆ ಇದೆ. ಈ ಪ್ರಾಣಿಗಳು ಹುಟ್ಟುತ್ತಲೇ ನರಭಕ್ಷಕ ಆದವಲ್ಲ. ಜವಳಗಿರಿಯದು ಬೇಟೆಗಾರನೊಬ್ಬನ ಈಡು ಸರಿಯಾದ ಜಾಗಕ್ಕೆ ಬೀಳದೆ ಗಾಯಗೊಂಡು ತಪ್ಪಿಸಿಕೊಂಡ ಹುಲಿ. ಆ ಗಾಯದ ಸಾಲ ತೀರಿಸಿದವರು ಗುಂಡು ಹೊಡೆದವನಲ್ಲ, ದನ ಕಾಯೋರು, ಸೌದೆಗೆ ಹೋದೋರು. ಕಡೆಗೆ ಆಂಡರ್ಸನ್ ಗಂಡುಹುಲಿಯ ಕೂಗನ್ನು ಅನುಕರಿಸಿ ಅದನ್ನು ಹತ್ತಿರಕ್ಕೆ ಕರೆದು ಹೊಡೆಯಬೇಕಾಯಿತು. ಗುಮ್ಮಳಾಪುರದ ಚಿರತೆಯದು ಬೇರೆ ಕಥೆ. ಹೊಡೆದ ಮೇಲೆ ನೋಡಿದರೆ ಪಾದದಲ್ಲಿ ಮುಳ್ಳುಹಂದಿಯ ಮುಳ್ಳು ಮುರಿದು ಕೂತಿತ್ತು. ಗಾಯ ಕೋವಿಯಿಂದಾಗಲಿ ಮುಳ್ಳಿನಿಂದಾಗಲಿ, ಓಡಲಾರದ ಪ್ರಾಣಿ ಓಡಲಾರದ ಬೇಟೆಯನ್ನೇ ಹುಡುಕುತ್ತೆ. ಅದಕ್ಕೆ ಸುಲಭಕ್ಕೆ ಸಿಗೋದು ಮನುಷ್ಯ.

ಅವರ ಬರಹದಲ್ಲಿ ಮತ್ತೆ ಮತ್ತೆ ಬರುವ ಸಂಗತಿ ಇದೇ. ಹಳೇ ನಾಡಬಂದೂಕಿಗೆ ಮದ್ದು ತುಂಬಿ, ಮೊಳೆ, ಕಬ್ಬಿಣದ ಚೂರು ಜಡಿದು ಹಳ್ಳದ ಪಕ್ಕ ಕೂತವನು ಸಿಕ್ಕಿದ್ದಕ್ಕೆ ಹೊಡೀತಾನೆ. ಪ್ರಾಣಿ ಸಾಯಲ್ಲ, ಕುಂಟುತ್ತೆ. ಅವನು ಮನೆಗೆ ಹೋಗಿ ಮಲಗ್ತಾನೆ. ಕಥೆ ಅಲ್ಲಿಂದ ಶುರು.

ಹಾಗಂತ ಆಂಡರ್ಸನ್ ನಾಡಬಂದೂಕು ಹಿಡಿದವರನ್ನೆಲ್ಲ ತೆಗಳಿದವರಲ್ಲ. ಚಿನ್ನಾರ್ ಹೊಳೆ ದಂಡೆಯಲ್ಲಿ ಅವರಿಗೆ ಸಿಕ್ಕ ಪೂಜಾರಿ ಜನದ ಬೈರ ಕದ್ದು ಬೇಟೆಯಾಡುತ್ತಿದ್ದ ಬಡವ. ಹೆಜ್ಜೆ ಓದೋದರಲ್ಲಿ ಅವನನ್ನು ಮೀರಿಸುವವರಿಲ್ಲ. ವಿಮಾನ ಕಾರ್ಖಾನೆಯ ಅಧಿಕಾರಿಗೂ ಮೈಮೇಲೆ ಸರಿಯಾಗಿ ಬಟ್ಟೆಯಿಲ್ಲದ ಬೈರನಿಗೂ ಬೆಳೆದ ಸ್ನೇಹ ವರ್ಷಾನುಗಟ್ಟಲೆ ಉಳಿಯಿತು. ಕಾಡಿನ ವಿದ್ಯೆಯಲ್ಲಿ ಯಾರು ಗುರು, ಯಾರು ಶಿಷ್ಯ ಅನ್ನೋದನ್ನು ಆಂಡರ್ಸನ್ ಮರೆಮಾಚಲಿಲ್ಲ. ಒಂದು ಈಡು ಹೊಡೆಯೋಕೆ ಹತ್ತು ರಾತ್ರಿ ಸುಮ್ಮನೆ ಕೂರುವ ತಾಳ್ಮೆ ಅವರಿಗಿತ್ತು. ಮರದ ಮೇಲೆ ಅಟ್ಟಣೆ, ಜೊತೆಗೆ ಫ್ಲಾಸ್ಕಿನಲ್ಲಿ ಟೀ. ಗುರಿ ಸಿಗದಿದ್ದರೆ ಹೊಡೆಯದೆ ಇಳಿದು ಬರೋದು. ರೈಫಲ್ಲಿನ ಬೆಲೆಗಿಂತ ಈ ಕಟ್ಟುನಿಟ್ಟೇ ಹೆಚ್ಚು.

ಕೋವಿ ಕೆಳಗಿಟ್ಟ ಮೇಲೆ

ವಯಸ್ಸಾಗುತ್ತ ಆಂಡರ್ಸನ್ನರಿಗೆ ಪ್ರಾಣಿ ಕೊಲ್ಲುವುದಕ್ಕಿಂತ ಉಳಿಸುವ ಮಾತೇ ಮುಖ್ಯವಾಯಿತು. ತಾವು ಕಂಡ ಕಾಡು ಕಣ್ಣೆದುರೇ ಬೋಳಾಗುತ್ತಿರುವುದನ್ನು ಬರೆದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಹುಲಿ ಬೇಟೆ ಅಪರಾಧವಾಯಿತು. ಮಾರನೇ ವರ್ಷ ಹುಲಿ ಯೋಜನೆ ಶುರುವಾಗಿ ಬಂಡೀಪುರ ಅದಕ್ಕೆ ಸೇರಿತು. 1974ರ ಆಗಸ್ಟಿನಲ್ಲಿ ಆಂಡರ್ಸನ್ ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 64 ವರ್ಷ.

ನಮ್ಮ ಭಾಷೆಗೆ ಅವರನ್ನು ತಂದವರು ಪೂರ್ಣಚಂದ್ರ ತೇಜಸ್ವಿ, ಕಾಡಿನ ಕಥೆಗಳು ಮಾಲೆಯಲ್ಲಿ. ಗಡಿಯ ಈಚೆ ತಮಿಳು ಶಾಲೆಗೆ ಹೋಗಿ ಬಂದ ನಮ್ಮ ಮಕ್ಕಳು ಕನ್ನಡ ಅಕ್ಷರ ಕೂಡಿಸಿ ಓದಿದ್ದರಲ್ಲಿ ಈ ಪುಸ್ತಕಗಳೂ ಸೇರಿವೆ. ನಾನೂ ಹಾಗೆ ಓದಿದವನೇ. ಅವರು ನಡೆದಾಡಿದ ಸೀಮೆಯಲ್ಲಿ ಈಗ ತಾಳವಾಡಿ ಕಡೆ 2013ರಿಂದ ಸತ್ಯಮಂಗಲ ಹುಲಿ ರಕ್ಷಿತಾರಣ್ಯ, ನಮ್ಮ ಕಡೆ 2014ರಿಂದ ಕಾವೇರಿ ಉತ್ತರ ವನ್ಯಧಾಮ.

ಹುಡುಗನಿಗೆ ಇಷ್ಟೂ ಹೇಳಿ ಕಡೆಗೆ ಲೆಕ್ಕ ಹಾಕಿ ತೋರಿಸಿದೆ. ಲೈಸೆನ್ಸು ಸಿಕ್ಕಿದವನು ಬೋಲ್ಟ್ ರೈಫಲ್ಲೇ ಬೇಕು ಅಂದ್ರೆ ನಮ್ಮ ಸರ್ಕಾರದ ಇಷಾಪುರ ಕಾರ್ಖಾನೆಯ 315 ಬೋರಿನದು ಬಹುಕಾಲದಿಂದ ಜನ ಬಳಸಿದ್ದು ಉಂಟು. ಆದರೆ ಯಾವುದೇ ಆಗಲಿ ಮೂರು ಕೇಳಬೇಕು. ಅದರ ತೋಟಾ ಮುಂದೆಯೂ ಸಿಗುತ್ತಾ? ನಿನ್ನ ಹೆಗಲಿಗೆ ಕೂರುತ್ತಾ? ಎದುರಿನ ಪ್ರಾಣಿಯನ್ನು ನರಳಿಸದೆ ಒಂದೇ ಈಡಿಗೆ ಕೆಡವುತ್ತಾ? ಮೂರಕ್ಕೂ ಹೂಂ ಅಂದ್ರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಒಂದಕ್ಕೆ ಊಹೂಂ ಅಂದ್ರೂ ಪುಕ್ಕಟೆ ಕೊಟ್ಟರೂ ಅದು ದುಬಾರಿ. ಮತ್ತೆ ಲೈಸೆನ್ಸು ಕೈಲಿದ್ದ ಮಾತ್ರಕ್ಕೆ ಕಾಡುಪ್ರಾಣಿಗೆ ಗುಂಡು ಹೊಡೆಯೋ ಹಕ್ಕು ಬರಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅಪ್ಪಣೆ ಬೇರೆಯೇ ಬೇಕು.

ನಾಡಬಂದೂಕಿನ ಮಾತು ಕೇಳಿದಾಗ ನನಗೆ ಕಂಡದ್ದು ಹಂದಿಯಲ್ಲ. ಕಾಲಿಗೆ ಚೂರು ಹೊಕ್ಕ ಆನೆ ನಮ್ಮ ಬೀದಿಯಲ್ಲಿ ಬೆಳಗಿನ ಜಾವ ನಿಂತಂತೆ, ಹಾಲು ಹಾಕೋಕೆ ಹೊರಟ ಹೆಂಗಸು ಅದರ ಎದುರಿಗೆ ಹೋದಂತೆ ಕಾಣಿಸಿತು. ಅದನ್ನೂ ಹೇಳಿದೆ. ಹುಡುಗ ಏನೂ ಮಾತಾಡಲಿಲ್ಲ. ಬಂದೂಕನ್ನೂ ತರಲಿಲ್ಲ.

ಹಂದಿ ಈಗಲೂ ಬರ್ತವೆ. ಬೆಳೆ ನಷ್ಟದ ಅರ್ಜಿ ಕೊಟ್ಟು ಬಂದಿದೀವಿ. ರಾತ್ರಿ ಹೊತ್ತು ಟಾರ್ಚು, ತಮಟೆ, ಒಂದು ಫ್ಲಾಸ್ಕು ಟೀ ಇಟ್ಕೊಂಡು ನಾವಿಬ್ಬರೂ ಸರದಿ ಮೇಲೆ ಅಟ್ಟಣೆ ಕಾಯ್ತೀವಿ.