ಗಳಗಂಡಕ್ಕೆ ಕತ್ತಿ ಹಿಡಿದ ಕೋಖರ್

ಥೈರಾಯ್ಡ್ ಗ್ರಂಥಿಯ ಶಸ್ತ್ರಚಿಕಿತ್ಸೆಗೆ ಭದ್ರ ಬುನಾದಿ ಹಾಕಿದ ಕೀರ್ತಿ ಸ್ವಿಟ್ಜರ್ಲೆಂಡಿನ ಡಾ. ಥಿಯೋಡರ್ ಕೋಖರ್ ಅವರಿಗೆ ಸಲ್ಲುತ್ತದೆ. 1909ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪಡೆದ ಅವರು, ಆ ಗೌರವಕ್ಕೆ ಪಾತ್ರರಾದ ಮೊದಲ ಶಸ್ತ್ರಚಿಕಿತ್ಸಕ.

1841ರ ಆಗಸ್ಟ್ 25ರಂದು ಬರ್ನ್ ನಗರದಲ್ಲಿ ಜನಿಸಿದ ಕೋಖರ್, 1872ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕರಾದರು. ಅಯೋಡಿನ್ ಕೊರತೆಯ ಆಲ್ಪ್ಸ್ ಕಣಿವೆಗಳಲ್ಲಿ ಗಳಗಂಡ ಮನೆಮನೆಯ ಕಾಯಿಲೆಯಾಗಿತ್ತು. ರಕ್ತಸ್ರಾವ ಹಾಗೂ ನಂಜಿಗೆ ಅಂಜಿ ವೈದ್ಯರು ಕತ್ತಿ ಹಿಡಿಯಲು ಹಿಂಜರಿಯುತ್ತಿದ್ದರು. ಕೋಖರ್ ಒಂದೊಂದೇ ರಕ್ತನಾಳವನ್ನು ಕಟ್ಟುತ್ತ, ಧ್ವನಿಪೆಟ್ಟಿಗೆಯ ನರವನ್ನು ಕಾಪಾಡುತ್ತ, ಶುಚಿತ್ವ ಪಾಲಿಸಿ ನಿಧಾನವಾಗಿ ಕೆಲಸ ಮಾಡಿದರು. 1912ರ ವೇಳೆಗೆ ಅವರ ಥೈರಾಯ್ಡ್ ಶಸ್ತ್ರಚಿಕಿತ್ಸೆಗಳ ಸಂಖ್ಯೆ 5000 ತಲುಪಿತ್ತು; ಸಾವಿನ ಪ್ರಮಾಣ ಶೇ 0.5ರ ಆಸುಪಾಸಿಗೆ ಇಳಿದಿತ್ತು.

ಈ ಯಶಸ್ಸಿನ ನಡುವೆಯೇ ಆಘಾತವೊಂದು ಕಾದಿತ್ತು. ಗ್ರಂಥಿಯನ್ನು ಪೂರ್ತಿ ತೆಗೆದವರಲ್ಲಿ ವಿಚಿತ್ರ ಬದಲಾವಣೆ ಕಾಣುತ್ತಿದೆಯೆಂದು 1882ರಲ್ಲಿ ಜಿನೀವಾದ ಡಾ. ರೆವರ್ಡಿನ್ ಗಮನ ಸೆಳೆದರು. ಕೋಖರ್ ತಮ್ಮ ಹಳೆಯ ರೋಗಿಗಳನ್ನು ಕರೆಸಿ ಪರೀಕ್ಷಿಸಿದರು. ಗ್ರಂಥಿ ಪೂರ್ತಿ ಕಳೆದುಕೊಂಡ 18 ಮಂದಿಯಲ್ಲಿ 16 ಮಂದಿ ಊದಿದ ಮುಖ, ಮಂದಬುದ್ಧಿ, ನಿಶ್ಶಕ್ತಿಯಿಂದ ನರಳುತ್ತಿದ್ದರು. ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಗೊಳಗಾದವರ ಬೆಳವಣಿಗೆಯೇ ಕುಂಠಿತವಾಗಿತ್ತು. 1883ರಲ್ಲಿ ಜರ್ಮನ್ ಶಸ್ತ್ರಚಿಕಿತ್ಸಕರ ಸಮಾವೇಶದಲ್ಲಿ ಅವರು ಇದನ್ನು ಮುಚ್ಚುಮರೆಯಿಲ್ಲದೆ ಮಂಡಿಸಿದರು. ಅಲ್ಲಿಂದಾಚೆಗೆ ಗಳಗಂಡಕ್ಕೆ ಗ್ರಂಥಿಯನ್ನು ಪೂರ್ತಿ ತೆಗೆಯುವುದನ್ನು ಬಿಟ್ಟರು. ಗ್ರಂಥಿಯ ನಿಜವಾದ ಕೆಲಸ ಜಗತ್ತಿಗೆ ಅರಿವಾಗಲು ಈ ವರದಿ ದಾರಿಯಾಯಿತು. 1891ರಲ್ಲಿ ಇಂಗ್ಲೆಂಡಿನ ಡಾ. ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸಾರದಿಂದ ಇಂಥ ಲಕ್ಷಣಗಳ ರೋಗಿಗೆ ಚಿಕಿತ್ಸೆ ನೀಡಿದರು. 1914ರಲ್ಲಿ ಅಮೆರಿಕದ ಕೆಂಡಾಲ್ ಥೈರಾಕ್ಸಿನ್ ಅನ್ನು ಬೇರ್ಪಡಿಸಿದರು.

ಕ್ಯಾನ್ಸರ್ ಚಿಕಿತ್ಸೆಗೂ ಕೋಖರ್ ಕೊಡುಗೆಯಿದೆ. ನಾಲಿಗೆಯ ಕ್ಯಾನ್ಸರ್‌ನಲ್ಲಿ ಕತ್ತಿನ ದುಗ್ಧಗ್ರಂಥಿಗಳನ್ನೂ ತೆಗೆಯುವ ವಿಧಾನವನ್ನು ಅವರು 1880ರಲ್ಲೇ ವಿವರಿಸಿದ್ದರು. 1906ರಲ್ಲಿ ಅಮೆರಿಕದ ಜಾರ್ಜ್ ಕ್ರೈಲ್ ಇಂಥ ಶಸ್ತ್ರಚಿಕಿತ್ಸೆಗೆ ವ್ಯವಸ್ಥಿತ ರೂಪ ನೀಡಿದರು.

ಥೈರಾಯ್ಡ್ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಶ್ವಾಸನಾಳದ ಪಕ್ಕದ ದುಗ್ಧಗ್ರಂಥಿಗಳಿಗೆ, ಬಳಿಕ ಕತ್ತಿನ ಬದಿಗೆ ಹರಡುತ್ತದೆ. ಕೆಲವೊಮ್ಮೆ ಮೊದಲ ಹಂತವನ್ನು ದಾಟಿ ನೇರವಾಗಿ ಬದಿಗೆ ಹಾರುವುದುಂಟು. ಅಪರೂಪಕ್ಕೆ ಗಂಟಲಿನ ಹಿಂಭಾಗದಲ್ಲಿ, ಕೈಗೆ ಸಿಗದ ಆಳದಲ್ಲಿ ನೆಲೆಸುತ್ತದೆ. ಅದನ್ನು ಸಿ.ಟಿ., ಎಂ.ಆರ್.ಐ. ಸ್ಕ್ಯಾನ್ ಪತ್ತೆ ಹಚ್ಚುತ್ತದೆ. ರೋಗ ತಗುಲಿದ ಭಾಗದ ಗ್ರಂಥಿಗಳನ್ನು ಒಟ್ಟಾಗಿ ತೆಗೆಯುವುದು ಇಂದಿನ ಕ್ರಮ. ಆಳದ ಗಂಟನ್ನು ಕತ್ತಿನ ಮೂಲಕ, ಆಯ್ದ ಪ್ರಕರಣಗಳಲ್ಲಿ ಬಾಯಿಯ ಮೂಲಕ ತಲುಪುತ್ತಾರೆ. ಅಗತ್ಯವಿದ್ದರೆ ವಿಕಿರಣಶೀಲ ಅಯೋಡಿನ್ ನೀಡಲಾಗುತ್ತದೆ.

ಕೋಖರ್ 1917ರ ಜುಲೈ 27ರಂದು ನಿಧನರಾದರು. ಹಾಸನ ಜಿಲ್ಲೆಯ ಮೊಸಳೆಯಂಥ ಊರಿನಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವ ರೋಗಿಯ ಗ್ರಂಥಿಯನ್ನು ಇಂದು ಪೂರ್ತಿ ತೆಗೆದರೂ, ದಿನಕ್ಕೊಂದು ಥೈರಾಕ್ಸಿನ್ ಮಾತ್ರೆಯ ನೆರವಿನಿಂದ ಆತ ಹೊಲ, ಮನೆ ನೋಡಿಕೊಂಡು ಬಾಳಬಲ್ಲ. ತನ್ನ ಕೈಯಿಂದಾದ ಹಾನಿಯನ್ನು ಕೋಖರ್ ಅಂದು ಬಚ್ಚಿಟ್ಟಿದ್ದರೆ, ಆ ಮಾತ್ರೆಯ ದಾರಿ ಇನ್ನಷ್ಟು ದೂರವಾಗುತ್ತಿತ್ತು.