ಕಲಿಯುತ್ತಲೇ ಕಲಿಸಿದ ಕಲಾವಿದ: ಕೆ. ಕೆ. ಹೆಬ್ಬಾರ್

ಕಳೆದ ಸಾಲಿನ ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಭದ್ರಾವತಿಯ ಒಂದು ಪ್ರಾಥಮಿಕ ಶಾಲೆ. ಐದನೇ ತರಗತಿಯ ಮಕ್ಕಳಿಗೆ ತಮ್ಮ ಊರಿನ ಚಿತ್ರ ಬರೆಯಲು ಹೇಳಿ, ಮಾದರಿಗೆಂದು ಕಪ್ಪುಹಲಗೆಯ ಮೇಲೆ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲೊಂದು ತೆಂಗಿನ ಮರ ಬರೆದೆ. ಅವಧಿ ಮುಗಿಯುವಾಗ ಎಲ್ಲ ಹಾಳೆಗಳಲ್ಲೂ ಅದೇ ಬೆಟ್ಟ, ಅದೇ ಸೂರ್ಯ. ಮಕ್ಕಳು ದಿನವೂ ನೋಡುವ ಭದ್ರಾ ಸೇತುವೆಯಾಗಲಿ, ಕಬ್ಬಿಣದ ಕಾರ್ಖಾನೆಯ ಚಿಮಣಿಯಾಗಲಿ ಒಂದರಲ್ಲೂ ಇರಲಿಲ್ಲ. ತಪ್ಪು ಮಕ್ಕಳದ್ದಲ್ಲ, ನನ್ನದು. ಮುಂದಿನ ಪಾಠದ ಸಿದ್ಧತೆಗೆ ಕೂತಾಗ ಕೆ. ಕೆ. ಹೆಬ್ಬಾರರ ಜೀವನ ನನಗೆ ದಾರಿ ತೋರಿಸಿತು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ. ನಮ್ಮ ಜಿಲ್ಲೆಯ ಆಗುಂಬೆ ಘಾಟಿ ಇಳಿದರೆ ಸಿಗುವ ಉಡುಪಿ ಸೀಮೆಯ ಕಟ್ಟಿಂಗೇರಿ ಅವರ ಊರು. ಬಡತನದ ಮನೆ. ತಂದೆ ಮಣ್ಣಿನ ಗಣಪತಿ ಮಾಡುತ್ತಿದ್ದರು. ಸುತ್ತ ಗದ್ದೆ, ತೋಟ, ಜಾತ್ರೆ, ಯಕ್ಷಗಾನ. ಮುಂದೆ ಅವರ ಚಿತ್ರಗಳಿಗೆ ಬಂದ ಜನ ಮತ್ತು ಬಣ್ಣಗಳ ಮೂಲ ಇಲ್ಲಿದೆ.

ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಕಲಿತು ಮುಂಬಯಿಗೆ ಹೋದರು. ಅಲ್ಲಿ ಕನ್ನಡಿಗ ಕಲಾವಿದ ದಂಡಾವತಿಮಠರ ನೂತನ ಕಲಾ ಮಂದಿರದಲ್ಲಿ ಕಲಿತು, ಸರ್ ಜೆ. ಜೆ. ಕಲಾಶಾಲೆಯಿಂದ 1938ರಲ್ಲಿ ಡಿಪ್ಲೊಮಾ ಪಡೆದರು. ಮುಂದೆ ಅದೇ ಶಾಲೆಯ ಅಧ್ಯಾಪಕರೂ ಆದರು. ಕಂಡದ್ದನ್ನು ಕಂಡಂತೆ ಬರೆಯುವ ಪಾಶ್ಚಾತ್ಯ ಪದ್ಧತಿ ಕೈಗೆ ಚೆನ್ನಾಗಿ ಒಗ್ಗಿತ್ತು. ಅಲ್ಲಿಗೇ ನಿಂತಿದ್ದರೆ ಒಳ್ಳೆಯ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾಗುತ್ತಿದ್ದರು.

ಹೆಬ್ಬಾರರಿಗೆ ಆ ಕೈಚಳಕವೊಂದೇ ಸಾಲಲಿಲ್ಲ. ಅಜಂತಾದ ಭಿತ್ತಿಚಿತ್ರಗಳನ್ನೂ ಜೈನ ಹಸ್ತಪ್ರತಿಗಳ ಚಿತ್ರಗಳನ್ನೂ ನೋಡಿದರು. ಅಮೃತಾ ಶೇರ್‌ಗಿಲ್ ಮತ್ತು ಫ್ರಾನ್ಸಿನ ಗೋಗ್ಯಾನರ ಚಿತ್ರಗಳು ಮನಸ್ಸನ್ನು ಕಲಕಿದವು. ಕೇರಳದಲ್ಲಿ ತಿರುಗಾಡಿ, ಅಲ್ಲಿನ ಜನ ಮತ್ತು ನೆಲವನ್ನು ದಟ್ಟ ಬಣ್ಣಗಳಲ್ಲಿ, ಸರಳ ಆಕಾರಗಳಲ್ಲಿ ಬರೆದರು. ಬೇರೆಯವರಿಗೆ ಕಲಿಸಿ ಅನುಭವವಿದ್ದ ಅವರು, ಮೂವತ್ತೆಂಟರ ಆಸುಪಾಸಿನಲ್ಲಿ ಮತ್ತೆ ವಿದ್ಯಾರ್ಥಿಯಾದರು. 1949–50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್ ಸೇರಿ ಕಲಿತರು.

ಶಿಕ್ಷಕರಾದ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಚಿತ್ರದಲ್ಲಿ ಲಯ ಹೇಗೆ ಹುಟ್ಟುತ್ತದೆಂದು ತಿಳಿಯಲು ಹೆಬ್ಬಾರರು ಪಂಡಿತ ಸುಂದರ ಪ್ರಸಾದರ ಬಳಿ ಕಥಕ್ ನೃತ್ಯ ಕಲಿತರು. ವೇದಿಕೆ ಏರುವುದು ಉದ್ದೇಶವಾಗಿರಲಿಲ್ಲ. ಮೈ ಕಲಿತ ಲಯ ಕೈಗೆ ಇಳಿಯಬೇಕಿತ್ತು. ಒಂದೇ ಗೆರೆ ಬಾಗಿ, ಬಳುಕಿ ಕುಣಿಯುವವಳಾಗುತ್ತದೆ, ಮದ್ದಳೆಯವನಾಗುತ್ತದೆ. ಅಂಥ ರೇಖಾಚಿತ್ರಗಳ ಅವರ ಪುಸ್ತಕದ ಹೆಸರೇ ‘ದಿ ಸಿಂಗಿಂಗ್ ಲೈನ್’, ಅಂದರೆ ಹಾಡುವ ಗೆರೆ.

ಆಮೇಲಿನ ವರ್ಷಗಳಲ್ಲಿ ನಿಸರ್ಗವನ್ನು ಬರೆಯುವ ರೀತಿಯೂ ಬದಲಾಯಿತು. ಬೆಟ್ಟ, ಬೆಳದಿಂಗಳು, ಆಕಾಶ ಗುರುತು ಹಿಡಿಯುವ ವಸ್ತುಗಳಾಗಿ ಉಳಿಯದೆ, ದಪ್ಪನೆಯ ಬಣ್ಣದ ಪದರಗಳಲ್ಲಿ ಕರಗಿ ಅಮೂರ್ತದ ಹತ್ತಿರ ಬಂದವು. ಹಾಗೆಂದು ಅವರು ಮನುಷ್ಯರನ್ನು ಬಿಡಲಿಲ್ಲ; ಹಸಿವು, ದುಡಿಮೆ, ಯುದ್ಧದ ನೋವು ಕುಂಚಕ್ಕೆ ವಸ್ತುವಾದವು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. 1996ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಅವರ ಕೃತಿಗಳನ್ನು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ನೋಡಬಹುದು.

ಮಿತ್ರರೇ, ಈ ಜೀವನದಿಂದ ನಾನು ಪಾಠಯೋಜನೆಗೆ ತೆಗೆದುಕೊಂಡದ್ದು ಇಷ್ಟೇ: ಕೈಗೆ ಮೊದಲು ಕಣ್ಣಿಗೆ ಕೆಲಸ ಕೊಡಬೇಕು, ಕಲಿಸುವವನು ತಾನು ಕಲಿತದ್ದನ್ನೇ ಮಾದರಿಯೆಂದು ಮಕ್ಕಳ ಮುಂದೆ ನಿಲ್ಲಿಸಬಾರದು. ಮುಂದಿನ ಪಾಠ ಶಿವಮೊಗ್ಗದ ಶಾಲೆಯೊಂದರಲ್ಲಿತ್ತು. ಹಲಗೆಯ ಮೇಲೆ ಏನನ್ನೂ ಬರೆಯಲಿಲ್ಲ. ಶಾಲೆಗೆ ಬರುವ ದಾರಿಯಲ್ಲಿ ಕಂಡದ್ದನ್ನು ಮೊದಲು ಹೇಳಿಸಿ, ಆಮೇಲೆ ಹಾಳೆ ಹಂಚಿದೆ. ಅರ್ಧ ತರಗತಿ ಮತ್ತೆ ಎರಡು ಬೆಟ್ಟಗಳನ್ನೇ ಬರೆಯಿತು. ರೂಢಿ ಒಂದೇ ದಿನಕ್ಕೆ ಹೋಗುವುದಿಲ್ಲ. ಆದರೆ ಒಬ್ಬ ಹುಡುಗಿ ತುಂಗೆಗೆ ನೀಲಿ ಹಚ್ಚದೆ ಕೆಮ್ಮಣ್ಣಿನ ಬಣ್ಣ ಹಚ್ಚಿದ್ದಳು. ಅದು ಮಳೆಗಾಲ. ಹೊಳೆ ನಿಜಕ್ಕೂ ಹಾಗೇ ಹರಿಯುತ್ತಿತ್ತು.